ಪೆಟ್ಟು ತಡೆಯುವ ಸ್ಫೋಟಕ

ಕೇಳುಗರಿಗೆ ನಮಸ್ಕಾರ.

1966ರ ಜನವರಿ 17. ಸ್ಪೇನಿನ ಪಾಲೋಮಾರೆಸ್ ಹಳ್ಳಿಯ ಮೇಲೆ, ಹಾರುತ್ತಲೇ ಇಂಧನ ತುಂಬಿಸಿಕೊಳ್ಳುತ್ತಿದ್ದ ಅಮೆರಿಕದ ಬಿ-52 ವಿಮಾನ ಇಂಧನ ಕೊಡುವ ವಿಮಾನಕ್ಕೇ ಡಿಕ್ಕಿ ಹೊಡೆಯಿತು. ಅದರಲ್ಲಿದ್ದ ನಾಲ್ಕು ಹೈಡ್ರೋಜನ್ ಬಾಂಬುಗಳು ಕೆಳಗೆ ಬಿದ್ದವು. ಅಣುಸ್ಫೋಟವೇನೋ ಆಗಲಿಲ್ಲ. ಆದರೆ ಎರಡು ಬಾಂಬುಗಳ ಒಳಗೆ ಅಣುಸ್ಫೋಟಕ್ಕೆ ಚಾಲನೆ ಕೊಡಲೆಂದು ಇಟ್ಟಿದ್ದ ಸಾಮಾನ್ಯ ಸ್ಫೋಟಕ ನೆಲಕ್ಕೆ ಬಡಿದ ಪೆಟ್ಟಿಗೆ ಸಿಡಿದು, ವಿಕಿರಣ ಸೂಸುವ ಪ್ಲುಟೋನಿಯಂ ಧೂಳು ಟೊಮೆಟೊ ಹೊಲಗಳ ಮೇಲೆ ಹರಡಿತು. ಸುಮಾರು 1,400 ಟನ್ ಮಣ್ಣನ್ನು ಕೆರೆದು, ಪೀಪಾಯಿಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಬೇಕಾಯಿತು. ಎರಡೇ ವರ್ಷಕ್ಕೆ ಗ್ರೀನ್‌ಲ್ಯಾಂಡಿನ ತೂಲೆಯಲ್ಲೂ ಇಂಥದ್ದೇ ಅನಾಹುತ.

ಯಾವ ಸ್ಫೋಟಕ ಎಷ್ಟು ಪೆಟ್ಟು ತಡೆದೀತು? ಇದನ್ನು ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಚಿಟಿಕೆ ಪುಡಿಯನ್ನು ಉಕ್ಕಿನ ಅಡಿಗಲ್ಲಿನ ಮೇಲಿಟ್ಟು, ಎರಡೂವರೆ ಕಿಲೋ ತೂಕವನ್ನು ಮೇಲಿನಿಂದ ಬೀಳಿಸುತ್ತಾರೆ. ಹತ್ತರಲ್ಲಿ ಐದು ಸಲ ಸಿಡಿಯುವ ಎತ್ತರವೇ ಅದರ ಅಳತೆ. ಪಿಇಟಿಎನ್ ಎಂಬ ಸ್ಫೋಟಕಕ್ಕೆ ಒಂದು ಗೇಣೂ ಬೇಡ. ಟಿಎನ್‌ಟಿಗೆ ಸುಮಾರು ಒಂದೂವರೆ ಮೀಟರ್ ಬೇಕು. ಟಿಎಟಿಬಿ ಎಂಬ ಹಳದಿ ಪುಡಿಯೋ, ಮೂರು ಮೀಟರ್ ಮೇಲಿನಿಂದ ಬೀಳಿಸಿದರೂ ಸುಮ್ಮನಿರುತ್ತದೆ! ಅಣುಬಾಂಬುಗಳ ಒಳಗೆ ಮುಂದೆ ಇದಕ್ಕೆ ಜಾಗ ಸಿಕ್ಕಿದ್ದು ಈ ಗುಣದಿಂದಲೇ.

ಅದರ ಗುಟ್ಟು ಹರಳಿನ ಜೋಡಣೆಯಲ್ಲಿದೆ. ಅಣುಗಳು ಚಪ್ಪಟೆ, ವೀಳ್ಯದೆಲೆಯ ಕಟ್ಟಿನ ಹಾಗೆ ಪದರ ಪದರವಾಗಿ ಕೂತಿವೆ. ಪೆಟ್ಟು ಬಿದ್ದರೆ ಪದರಗಳು ಜಾರಿಕೊಳ್ಳುತ್ತವೆ, ಬಂಧಗಳು ಮುರಿಯುವುದಿಲ್ಲ.

ಹಾಗಾದರೆ ಅಣುವಿನ ರಚನೆ ನೋಡಿಯೇ ಭವಿಷ್ಯ ಹೇಳಬಹುದಲ್ಲ? ಒಂದಷ್ಟು ಹೇಳಬಹುದು. ಇಂಗಾಲ ಮತ್ತು ನೈಟ್ರೋ ಗುಂಪಿನ (ಒಂದು ಸಾರಜನಕ, ಎರಡು ಆಮ್ಲಜನಕ ಪರಮಾಣುಗಳ ಗುಂಪು) ನಡುವಿನ ಬಂಧ ಎಷ್ಟು ಗಟ್ಟಿ, ಆಮ್ಲಜನಕ ಎಷ್ಟಿದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಯಾವುದು ಹೆಚ್ಚು ಮುಂಗೋಪಿ ಎಂಬ ಅಂದಾಜು ಸಿಗುತ್ತದೆ. ವಸ್ತುವನ್ನು ತಯಾರಿಸುವ ಮೊದಲೇ ಸಿಗುತ್ತದೆ ಎಂಬುದೇ ಇದರ ದೊಡ್ಡ ಲಾಭ. ಯಾರ ಕೈಬೆರಳೂ ಅಪಾಯಕ್ಕೆ ಸಿಕ್ಕುವುದಿಲ್ಲ.

ತೊಡಕಿರುವುದು ಪೊಳ್ಳುಗಳಲ್ಲಿ. ಹರಳಿನೊಳಗೆ ಕಣ್ಣಿಗೆ ಕಾಣದ ಸಣ್ಣ ಪೊಳ್ಳುಗಳಿರುತ್ತವೆ. ಆಘಾತದ ಅಲೆ ನುಗ್ಗಿದಾಗ ಪೊಳ್ಳು ಕುಸಿದು, ಆ ಒಂದು ಚುಕ್ಕೆಯಲ್ಲಿ ಕ್ಷಣಾರ್ಧದಲ್ಲಿ ವಿಪರೀತ ಕಾವು ಹುಟ್ಟುತ್ತದೆ. ಸ್ಫೋಟ ಹೊತ್ತಿಕೊಳ್ಳುವುದು ಅಲ್ಲಿ. ಹಾಗಾಗಿ ಒಂದೇ ರಾಸಾಯನಿಕದ ಎರಡು ಪುಡಿಗಳು ಎರಡು ಬಗೆಯಾಗಿ ನಡೆದುಕೊಳ್ಳುತ್ತವೆ. ಕಾಗದದ ಮೇಲಿನ ಅಣುವಿಗೆ ಪೊಳ್ಳಿಲ್ಲ, ಬಿರುಕಿಲ್ಲ. ಕಂಪ್ಯೂಟರಿಗೆ ಕಲಿಸಲು ಬಳಸುವ ಹಳೆಯ ಪರೀಕ್ಷೆಗಳ ಅಂಕಿಗಳೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ ಬೇರೆ. ಆ ಏರುಪೇರು ಅದು ಹೇಳುವ ಭವಿಷ್ಯದಲ್ಲೂ ಉಳಿದುಬಿಡುತ್ತದೆ.

ಅದಕ್ಕೇ, ಲೆಕ್ಕ ಎಷ್ಟೇ ಧೈರ್ಯ ಕೊಡಲಿ, ಹೊಸ ಸ್ಫೋಟಕವನ್ನು ರಸಾಯನಶಾಸ್ತ್ರಜ್ಞರು ಮೊದಲ ಸಲ ಚಿಟಿಕೆಯಷ್ಟೇ ತಯಾರಿಸುತ್ತಾರೆ, ದಪ್ಪ ಗುರಾಣಿಯ ಹಿಂದೆ ನಿಂತು.