ಗೇರ್‌ಬಾಕ್ಸ್ ಇಳಿಸಿದ ಮೇಲೆ ಕೇಳಿಸುವ ಸೈಲೆನ್ಸರ್ ಸದ್ದು

ಕೇಳುಗರಿಗೆ ನಮಸ್ಕಾರ.

ಪಿಕಪ್‌ಗೆ ಹೊಸ ಕ್ಲಚ್ ಪ್ಲೇಟ್ ಬಿದ್ದಿದೆ, ಗೇರ್ ಸಲೀಸಾಗಿ ಬೀಳುತ್ತಿದೆ. ಆದರೆ ಮಾರನೇ ದಿನ ನಸುಕಿನಲ್ಲಿ ಮಲ್ಪೆ ಬಂದರಿಗೆ ಹೊರಡಲು ಗಾಡಿ ಸ್ಟಾರ್ಟ್ ಮಾಡಿದರೆ, ಅಡಿಯಿಂದ 'ಟಕ್ ಟಕ್' ಎಂಬ ಹೊಸ ಸದ್ದು. ಎಂಜಿನ್ ಕೆಟ್ಟಿತೋ, ಟರ್ಬೊ ಹೋಯಿತೋ ಎಂದು ಜೀವ ಹಾರುತ್ತದೆ. ಗಾಬರಿ ಬೇಡ. ಕೆಲಸಕ್ಕೆ ಮುಂಚೆ ಇಲ್ಲದ ಸದ್ದು ಕೆಲಸವಾದ ಮೇಲೆ ಬಂದಿದ್ದರೆ, ರಿಪೇರಿ ಮಾಡಿದ ಕೈ ಎಲ್ಲೆಲ್ಲಿ ಹೋಗಿತ್ತೋ ಮೊದಲು ಅಲ್ಲೇ ಹುಡುಕಬೇಕು.

ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಆಗ ಅಡ್ಡ ಬರುವುದು ಸೈಲೆನ್ಸರ್ ಪೈಪ್. ಎಂಜಿನ್ ಕಡೆಯಿಂದ ಕೆಳಗಿಳಿಯುವ ಡೌನ್‌ಪೈಪಿನ ಫ್ಲಾಂಜ್ (ಪೈಪುಗಳನ್ನು ಜೋಡಿಸುವ ಬಿಲ್ಲೆ) ಬಿಚ್ಚಿ, ಗೇರ್‌ಬಾಕ್ಸಿಗೆ ಹಿಡಿಸಿದ ಬ್ರಾಕೆಟ್ ತೆಗೆದು, ಪೈಪು ತೂಗುವ ಒಂದೆರಡು ಹ್ಯಾಂಗರ್ ರಬ್ಬರ್ ಕಳಚಿ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಆಗ ಹೆಚ್ಚು ಪೆಟ್ಟು ತಿನ್ನುವುದು ಪೈಪಿನ ಬಾಗುವ ತುಂಡಾದ ಬೆಲ್ಲೋಸ್. ಹೊರಗೆ ಉಕ್ಕಿನ ತಂತಿಯ ಹೆಣಿಗೆ, ಒಳಗೆ ಕಾಗದದ ಹಾಗೆ ತೆಳ್ಳಗಿನ ಸುಕ್ಕುಸುಕ್ಕಾದ ಕೊಳವೆ. ಎಂಜಿನ್ ಅಲುಗಾಟವನ್ನು ನುಂಗುವುದಷ್ಟೇ ಅದರ ಕೆಲಸ, ಭಾರ ಹೊರುವುದಲ್ಲ. 10 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು ಎಂಬುದು ಸಾಮಾನ್ಯ ಲೆಕ್ಕ. ಫ್ಲಾಂಜ್ ಬಿಚ್ಚಿದ ಪೈಪು ಅದರ ಮೇಲೆಯೇ ಜೋತಾಡಿದರೆ ಒಳಗಿನ ಸುಕ್ಕು ಸೀಳುತ್ತದೆ. ಹೊರಗಿನ ಹೆಣಿಗೆ ಮಾತ್ರ ಹೊಸದರಂತೆಯೇ ಕಾಣುತ್ತದೆ. ಕಣ್ಣು ಮೋಸ ಹೋಗುವ ಜಾಗ ಇದು. ಬಿಚ್ಚಿದ ಪೈಪನ್ನು ತಂತಿಯಿಂದ ಚಾಸಿಗೆ ಕಟ್ಟಿ ನಿಲ್ಲಿಸಿದ್ದರೆ ಈ ಹಾನಿಯೇ ಆಗುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಎರಡು ನಿಮಿಷ.

ಎರಡನೆಯ ಜಾಗ ಫ್ಲಾಂಜಿನ ಸಂದು ಮುಚ್ಚುವ ಗ್ಯಾಸ್ಕೆಟ್ ಮತ್ತು ನಟ್ಟು ಕೂರುವ ಸ್ಟಡ್. ಗ್ಯಾಸ್ಕೆಟ್ ಒಮ್ಮೆ ಒತ್ತಿ ಚಪ್ಪಟೆಯಾದರೆ ಮತ್ತೆ ಉಬ್ಬುವುದಿಲ್ಲ, ಹಳೆಯದನ್ನೇ ಕೂರಿಸಿದರೆ ಸೋರುವುದು ಹೆಚ್ಚು ಕಡಿಮೆ ಖಚಿತ. ನಮ್ಮ ಕರಾವಳಿಯಲ್ಲಿ ಸ್ಟಡ್‌ನದ್ದು ಬೇರೆಯೇ ಕಷ್ಟ. ಮೀನಿನ ಗಾಡಿಯಾದರೆ ಪೆಟ್ಟಿಗೆಯ ಉಪ್ಪುನೀರು ದಿನವೂ ಅಡಿಗೆ ಸುರಿಯುತ್ತದೆ. ನಟ್ಟು, ಸ್ಟಡ್ಡು ತುಕ್ಕು ಹಿಡಿದು ಒಂದಾಗಿರುತ್ತವೆ, ಬಲ ಹಾಕಿದರೆ ಮುರಿಯುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಬೇಕು. ಮೂರು ಸ್ಟಡ್‌ಗಳಲ್ಲಿ ಒಂದು ಮುರಿದು, ಉಳಿದ ಎರಡರಲ್ಲೇ ಬಿಗಿದರೆ ಫ್ಲಾಂಜ್ ಓರೆಯಾಗಿ ಒಂದು ಬದಿಯಲ್ಲಿ ಸಂದು ಬಿಡುತ್ತದೆ. ಬಿಗಿಯುವಾಗ ಒಂದನ್ನೇ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. 8 ಮಿಲಿಮೀಟರ್ ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, 10 ಮಿಲಿಮೀಟರ್‌ನದ್ದಕ್ಕೆ 40ರಿಂದ 50. ನಿಮ್ಮ ಗಾಡಿಯ ಮ್ಯಾನ್ಯುವಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಇನ್ನು ಪರೀಕ್ಷೆ. ರಾತ್ರಿಯಿಡೀ ನಿಂತ ತಣ್ಣನೆಯ ಎಂಜಿನ್‌ನಲ್ಲೇ ಮಾಡಿ. ಎಂಜಿನ್ನಿನಿಂದ ಹೊಗೆ ಹೊರಬೀಳುವ ಮ್ಯಾನಿಫೋಲ್ಡ್ ಬಳಿ ಸಣ್ಣ ಸಂದಿದ್ದರೆ ಲೋಹ ಬಿಸಿಯಾಗಿ ಹಿಗ್ಗಿದಾಗ ಅದು ಮುಚ್ಚಿಕೊಳ್ಳುತ್ತದೆ, ಐದು ನಿಮಿಷದಲ್ಲಿ ಸದ್ದೂ ಅಡಗುತ್ತದೆ. ಗ್ಯಾರೇಜಿಗೆ ಬಿಸಿ ಗಾಡಿ ಒಯ್ದು 'ಏನೂ ಕೇಳುವುದಿಲ್ಲ' ಎನಿಸಿಕೊಂಡು ಬರುವುದು ಇದೇ ಕಾರಣಕ್ಕೆ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಒಂದು ಮೀಟರ್ ತುಂಡಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಜಾಯಿಂಟುಗಳ ಹತ್ತಿರ ಹಿಡಿದರೆ ಸದ್ದಿನ ಜಾಗ ಸಿಗುತ್ತದೆ. ಫ್ಯಾನ್, ಬೆಲ್ಟಿನಿಂದ ದೂರವಿರಲಿ.

ಅದಕ್ಕಿಂತ ನಂಬಿಕಸ್ತ ವಿಧಾನ ಸೋಪಿನ ನೀರು. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ. ಎಂಜಿನ್ ಆಫ್ ಇರಲಿ. ಗಾಳಿ ಊದುವ ಬ್ಲೋವರನ್ನು ಸೈಲೆನ್ಸರ್ ಬಾಯಿಗೆ ಇಟ್ಟು ಸುತ್ತ ಬಟ್ಟೆ ಸುತ್ತಿ. ಕಂಪ್ರೆಸರಿನ ಪೂರ್ತಿ ಒತ್ತಡ ಬೇಡ, ಮೆಲ್ಲನೆಯ ಗಾಳಿ ಸಾಕು. ಈಗ ಒಂದೊಂದೇ ಜಾಯಿಂಟಿಗೆ ಸೋಪಿನ ನೀರು ಸಿಂಪಡಿಸಿ. ಗ್ಯಾಸ್ಕೆಟ್ ಸೋರಿದರೆ ಒಂದೇ ಕಡೆಯಿಂದ ಗುಳ್ಳೆ ಸಾಲಾಗಿ ಬರುತ್ತದೆ. ಬೆಲ್ಲೋಸ್ ಹರಿದಿದ್ದರೆ ಹಾಗಲ್ಲ, ಹೆಣಿಗೆಯ ಎಡೆಯಿಂದ ನೊರೆ ಹರಡಿಕೊಂಡು ಏಳುತ್ತದೆ. ಡೀಸೆಲ್ ಗಾಡಿ ಕೆಲವು ದಿನ ಓಡಿದ್ದರೆ ಸೋರುವಲ್ಲಿ ಕಪ್ಪು ಮಸಿಯ ಗೆರೆಯೂ ಸಾಕ್ಷಿಗಿರುತ್ತದೆ. ಹರಿದ ಬೆಲ್ಲೋಸ್‌ನ ಹೆಣಿಗೆ ಮೇಲೆ ವೆಲ್ಡಿಂಗ್ ಹಚ್ಚುವುದು ದುಡ್ಡು ದಂಡ. ಅದೇ ಒಳವ್ಯಾಸ, ಅದೇ ಉದ್ದದ ಹೊಸದನ್ನು ತಿರುಚದೆ ನೇರವಾಗಿ ಕೂರಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಇಲ್ಲವಾದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಸುಡುವ ಅಪಾಯವಿದೆ.

ಸೋರುವ ಜಾಗ ಟರ್ಬೊಗೆ (ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಭಾಗ) ಮೊದಲೇ ಇದ್ದರೆ ಟರ್ಬೊ ತಿರುಗಿಸುವ ಒತ್ತಡ ಕಡಿಮೆಯಾಗಿ, ಲೋಡ್ ಹಾಕಿ ಶಿರಾಡಿ ಘಾಟಿ ಹತ್ತುವಾಗ ಗಾಡಿ ಎಳೆಯುವುದಿಲ್ಲ, ಹೊಗೆ ಕಪ್ಪಾಗುತ್ತದೆ. ಟರ್ಬೊ ದಾಟಿದ ಮೇಲಿದ್ದರೆ ಸಾಮಾನ್ಯವಾಗಿ ಸದ್ದು ಮತ್ತು ವಾಸನೆ ಮಾತ್ರ. ಪೆಟ್ರೋಲ್, ಸಿಎನ್‌ಜಿ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರಿಗೆ ಮೊದಲು ಸಂದಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಇಂಧನ ಸಾಲದೆಂದು ತಪ್ಪು ತಿಳಿದ ಇಸಿಯು ಹೆಚ್ಚು ಹಾಕುತ್ತದೆ, ಮೈಲೇಜ್ ಇಳಿಯುತ್ತದೆ, ಸ್ಕ್ಯಾನರಿನಲ್ಲಿ ಇಂಧನ ಸಾಲದು ಎನ್ನುವ ಪಿ 0171 ಕೋಡ್ ಬರಬಹುದು. ತಪ್ಪು ಪೈಪಿನದ್ದು, ಬದಲಾಗುವುದು ಸೆನ್ಸರ್!

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಪಿಕಪ್ ಆದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ಕಡೆಗೂ ಒಂದು ಕಣ್ಣಿರಲಿ. ಅದರ ಹಿಂದಿನ, ಮುಂದಿನ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರಿಗೆ ಎರಡು ಸಣ್ಣ ಹೋಸ್‌ಗಳಿರುತ್ತವೆ. ಪೈಪ್ ಎಳೆದಾಡಿದಾಗ ಒಂದು ಕಳಚುತ್ತದೆ, ಅಥವಾ ಎರಡೂ ಅದಲುಬದಲಾಗುತ್ತವೆ, ಅಥವಾ ಬಿಸಿ ಪೈಪಿಗೆ ತಾಗಿ ಕರಗುತ್ತವೆ. ಪಿ 2452ರಿಂದ 2455ರವರೆಗಿನ ಕೋಡ್‌ಗಳು ಈ ಸೆನ್ಸರಿಗೇ ಸೇರಿದವು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರಿನಲ್ಲಿ ನೋಡಿದರೆ ವ್ಯತ್ಯಾಸ ಸೊನ್ನೆಯ ಹತ್ತಿರವಿರಬೇಕು. ಇಲ್ಲದಿದ್ದರೆ ಸೆನ್ಸರ್ ಅಥವಾ ಅದರ ವಯರಿಂಗ್ ಸಂಶಯಕ್ಕೆ ಬರುತ್ತದೆ. ಸೊನ್ನೆಯೇ ಇದ್ದು, ಎಂಜಿನ್ ಓಡುವಾಗ ಲೆಕ್ಕ ತಪ್ಪಿದರೆ ಹೋಸ್ ನೋಡಿ. ಡಿಪಿಎಫ್ ಬದಲಾಯಿಸಲು ಯಾರಾದರೂ ಹೇಳಿದರೆ ಈ ಎರಡು ಹೋಸ್ ಕಣ್ಣಾರೆ ಕಾಣದೆ ಒಪ್ಪಬೇಡಿ.

ಸದ್ದಿಲ್ಲ, ಆದರೆ ವೇಗ ಹೆಚ್ಚಿಸಿದಾಗ ಉಸಿರು ಕಟ್ಟಿದ ಹಾಗೆ ಗಾಡಿ ಮಂಕಾಗುತ್ತದೆಯೆ? ಚಾಸಿಗೆ ಕೊಡಬೇಕಾದ ಜಾಕಿಯನ್ನು ಪೈಪಿಗೆ ಕೊಟ್ಟು ಅದು ಚಪ್ಪಟೆಯಾಗಿರಬಹುದು. ಅಡಿ ನೋಡಿದರೆ ತಿಳಿಯುತ್ತದೆ.

ಕ್ಯಾಬಿನ್ನಿನೊಳಗೆ ಹೊಗೆಯ ವಾಸನೆ ಬಂದರೆ ಆ ಗಾಡಿ ಓಡಿಸಲೇಬೇಡಿ. ಹೊಗೆಯ ಜೊತೆ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಮಾತ್ರ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೇರ್ ಲಿವರಿನ ಅಡಿಯ ರಬ್ಬರ್ ಬೂಟನ್ನು ಗೇರ್‌ಬಾಕ್ಸ್ ಇಳಿಸುವಾಗ ತೆಗೆದಿರುತ್ತಾರೆ, ಅದು ಸರಿಯಾಗಿ ಕೂರದಿದ್ದರೆ ಅನಿಲಕ್ಕೆ ದಾರಿ ಅದೇ. ಮಳೆಗಾಲದಲ್ಲಿ ಗಾಜು ಏರಿಸಿ ಓಡಿಸುವಾಗ, ತಲೆ ಭಾರವಾಗಿ ನಿದ್ದೆ ಬಂದ ಹಾಗಾದರೆ ಗಾಡಿ ಬದಿಗೆ ಹಾಕಿ, ಕೂಡಲೇ ಕೆಳಗಿಳಿಯಿರಿ.

ರಿಪೇರಿ ಮುಗಿದು ಗಾಡಿ ಒಂದು ದಿನ ಓಡಿ ಪೂರ್ತಿ ತಣಿದ ಮೇಲೆ ಫ್ಲಾಂಜಿನ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿ. ಹಿಂದಿನ ಪೈಪಿನ ತುದಿ ಹಿಡಿದು ಕೈಯಲ್ಲಿ ಅಲುಗಾಡಿಸಿ. ರಬ್ಬರಿನ ಮೇಲೆ ಮೆತ್ತಗೆ ತೂಗಬೇಕು, ಎಲ್ಲೂ ಚಾಸಿಗೆ ಬಡಿಯಬಾರದು. ಬಡಿದರೆ ಗೇರ್‌ಬಾಕ್ಸ್ ಬ್ರಾಕೆಟ್ಟಿನ ಬೋಲ್ಟ್ ಇದೆಯೇ ಎಂದು ಮೊದಲು ನೋಡಿ, ಮರೆತುಹೋಗುವುದು ಹೆಚ್ಚಾಗಿ ಅದೇ.

ನಮಸ್ಕಾರ.