ಬೆಳಕು ಆರಿದ ನಂತರದ ದಾರಿ

ಈಗ ಪರದೆಯ ಮೇಲೆ ಕಾಣುತ್ತಿರುವುದು ನನ್ನ ತಾರಸಿಯ ಕ್ಯಾಮೆರಾದಲ್ಲಿ ಸೆರೆಯಾದ ಒಂದು ಅಗ್ನಿಗೋಳ. ಶುಕ್ರಗ್ರಹಕ್ಕಿಂತ ಪ್ರಕಾಶಮಾನವಾಗಿ ಉರಿಯುವ ಉಲ್ಕೆಗೆ ಈ ಹೆಸರು. ದೃಶ್ಯದ ವೇಗವನ್ನು ತಗ್ಗಿಸಿದಾಗ, ಎಳೆಯಷ್ಟು ತೆಳ್ಳಗೆ ಮೂಡಿದ ಗೆರೆ ಬರಬರುತ್ತ ದಪ್ಪವಾಗಿ, ನಡುವೆ ಒಮ್ಮೆ ಭಗ್ಗನೆ ಹೊತ್ತಿಕೊಂಡು, ಕೊನೆಗೆ ಕೆಂಪಗಾಗಿ ಆರಿಹೋಗುವುದನ್ನು ಗಮನಿಸಬಹುದು. ಭಗ್ಗನೆ ಹೊತ್ತಿಕೊಂಡ ಆ ಕ್ಷಣದಲ್ಲಿ ಗಾಳಿಯ ಒತ್ತಡ ತಾಳಲಾರದೆ ಕಲ್ಲು ಒಡೆದಿರುತ್ತದೆ.

ಇಂಥ ಬೆಳಕನ್ನು ಕಂಡವರೆಲ್ಲರೂ ಅದು ಎದುರಿನ ಗುಡ್ಡದ ಆಚೆಗೇ ಬಿತ್ತೆಂದು ಆಣೆಯಿಟ್ಟು ಹೇಳುತ್ತಾರೆ. ವಾಸ್ತವದಲ್ಲಿ ಅದು ಹತ್ತಾರು ಕಿಲೋಮೀಟರ್ ಎತ್ತರದಲ್ಲಿ, ನೋಡಿದವರಿಂದ ನೂರು ಇನ್ನೂರು ಕಿಲೋಮೀಟರ್ ದೂರದಲ್ಲಿ ಆರಿಹೋಗಿರುತ್ತದೆ. ಒಂದೇ ಕ್ಯಾಮೆರಾದ ಸಾಕ್ಷ್ಯವೂ ಇದಕ್ಕಿಂತ ಹೆಚ್ಚು ನಂಬಲರ್ಹವಲ್ಲ, ಏಕೆಂದರೆ ಅದು ಹೇಳಬಲ್ಲದ್ದು ದಿಕ್ಕನ್ನು ಮಾತ್ರ, ದೂರವನ್ನಲ್ಲ. ಹತ್ತಾರು ಕಿಲೋಮೀಟರ್ ಅಂತರದ ಎರಡು ಮೂರು ಕೇಂದ್ರಗಳು ಅದೇ ಬೆಳಕನ್ನು ಹಿನ್ನೆಲೆಯ ನಕ್ಷತ್ರಗಳ ಸಮೇತ ದಾಖಲಿಸಿದ್ದರೆ ಮಾತ್ರ ಅದರ ಪಥವನ್ನು ಆಕಾಶದಲ್ಲಿ ನಿಖರವಾಗಿ ಗುರುತಿಸಲು ಸಾಧ್ಯ. ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ತಿರುಗುವ ಶಟರೊಂದು ಈ ಗೆರೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತಿತ್ತು. ಕೊನೆಕೊನೆಯ ತುಂಡುಗಳು ಗಿಡ್ಡವಾಗುತ್ತ ಹೋದರೆ ಕಲ್ಲು ವೇಗ ಕಳೆದುಕೊಳ್ಳುತ್ತಿದೆ ಎಂದರ್ಥ. ಇಂದು ವಿಡಿಯೊದ ಚೌಕಟ್ಟುಗಳೇ ಆ ಕೆಲಸ ಮಾಡುತ್ತವೆ.

ಎಲ್ಲ ಅಗ್ನಿಗೋಳಗಳೂ ಕಲ್ಲನ್ನು ಉಳಿಸುವುದಿಲ್ಲ. ನವೆಂಬರಿನ ಲಿಯೊನಿಡ್ ಉಲ್ಕೆಗಳು ಸೆಕೆಂಡಿಗೆ ಸುಮಾರು 71 ಕಿಲೋಮೀಟರ್ ವೇಗದಲ್ಲಿ ಬರುವ ಧೂಮಕೇತುವಿನ ಧೂಳು. ಎಷ್ಟೇ ಬೆಳಗಿದರೂ ಮೇಲೆಯೇ ಉರಿದು ಮುಗಿಯುತ್ತವೆ. ನಿಧಾನವಾಗಿ ಪ್ರವೇಶಿಸಿ, 35 ಕಿಲೋಮೀಟರಿಗಿಂತ ಕೆಳಗಿನವರೆಗೂ ಉರಿಯುತ್ತ ಇಳಿದು, ಆ ಹೊತ್ತಿಗೆ ವೇಗವನ್ನು ಸೆಕೆಂಡಿಗೆ ಹತ್ತು ಕಿಲೋಮೀಟರಿಗಿಂತ ಕೆಳಕ್ಕೆ ತಂದುಕೊಂಡ ಅಗ್ನಿಗೋಳವೇ ಹುಡುಕಾಟಕ್ಕೆ ಹೊರಡುವಂತೆ ಮಾಡುತ್ತದೆ.

ಆದರೆ ನಿಜವಾದ ಕಷ್ಟ ಶುರುವಾಗುವುದು ಬೆಳಕು ಆರಿದ ನಂತರ. ವೇಗ ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರಿಗೆ ಇಳಿಯುತ್ತಿದ್ದಂತೆ ಕಲ್ಲು ಹೊಳೆಯುವುದನ್ನು ನಿಲ್ಲಿಸುತ್ತದೆ. ಅಲ್ಲಿಂದ ನೆಲದವರೆಗಿನ ಇಪ್ಪತ್ತು ಮೂವತ್ತು ಕಿಲೋಮೀಟರುಗಳನ್ನು ಅದು ಯಾವ ಕ್ಯಾಮೆರಾಕ್ಕೂ ಕಾಣಿಸದೆ, ಕೆಲವು ನಿಮಿಷಗಳ ಕಾಲ ಬರಿಯ ಕಲ್ಲಾಗಿ ಬೀಳುತ್ತದೆ. ಈ ಹಂತಕ್ಕೆ ಡಾರ್ಕ್ ಫ್ಲೈಟ್ ಎನ್ನುತ್ತಾರೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಬೀಸುವ ರಭಸದ ಗಾಳಿ ದೊಡ್ಡ ಕಲ್ಲನ್ನು ಅಷ್ಟಾಗಿ ಕದಲಿಸದು, ಚಿಕ್ಕದನ್ನಾದರೆ ಕೆಲವು ಕಿಲೋಮೀಟರ್ ಪಕ್ಕಕ್ಕೆ ಒಯ್ಯಬಲ್ಲದು. ಕಲ್ಲಿನ ತೂಕ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಲೆಕ್ಕದ ಫಲಿತಾಂಶ ಒಂದು ಬಿಂದುವಾಗಿರದೆ, ಒಂದು ಕಿಲೋದ ಕಲ್ಲಾದರೆ ಇಲ್ಲಿ, ನೂರು ಗ್ರಾಮಿನದಾದರೆ ಅಲ್ಲಿ ಎಂದು ನಕ್ಷೆಯ ಮೇಲೆ ಉದ್ದಕ್ಕೆ ಚಾಚಿದ ಪಟ್ಟಿಯಾಗಿರುತ್ತದೆ. ಹವಾಮಾನ ಬಲೂನುಗಳು ಸಾಮಾನ್ಯವಾಗಿ ದಿನಕ್ಕೆರಡು ಬಾರಿ ಮಾತ್ರ ಮೇಲೇರುವುದರಿಂದ ಆ ಹೊತ್ತಿನ, ಆ ಜಾಗದ ಗಾಳಿಯನ್ನು ಕಂಪ್ಯೂಟರಿನ ಹವಾಮಾನ ಮಾದರಿಗಳ ಮೂಲಕ ಅಂದಾಜಿಸಬೇಕಾಗುತ್ತದೆ. ಹವ್ಯಾಸಿಗಳು ಇನ್ನೂ ಒಳ್ಳೆಯ ಲೆನ್ಸಿಗಾಗಿ ಪರದಾಡುವುದನ್ನು ನೋಡುವಾಗಲೆಲ್ಲ, ಅದರ ಅರ್ಧದಷ್ಟು ಆಸ್ಥೆಯನ್ನಾದರೂ ಗಾಳಿಯ ಲೆಕ್ಕದ ಮೇಲೆ ತೋರಿಸಬಾರದೇ ಎಂದು ನನಗೆ ಅನ್ನಿಸುತ್ತದೆ.

1959ರ ಏಪ್ರಿಲ್ 7ರಂದು ಅಂದಿನ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಉಲ್ಕಾಶಿಲೆ, ಒಂದಕ್ಕಿಂತ ಹೆಚ್ಚು ಕೇಂದ್ರಗಳಿಂದ ಛಾಯಾಚಿತ್ರಕ್ಕೆ ಸಿಕ್ಕಿದ ಮೊದಲನೆಯದು. ಖಗೋಳಶಾಸ್ತ್ರಜ್ಞ ಝ್ಡೆನೆಕ್ ಸೆಪ್ಲೆಖಾ ಆ ಚಿತ್ರಗಳಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕಿದಾಗ ಅದು ಮಂಗಳ ಮತ್ತು ಗುರುಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯವರೆಗೆ ಚಾಚಿಕೊಂಡಿತ್ತು. ಈ ಎಲ್ಲ ಪರಿಶ್ರಮಕ್ಕೆ ಕಾರಣ ಇಲ್ಲಿದೆ: ಸಂಗ್ರಹಾಲಯಗಳಲ್ಲಿ ಹತ್ತಾರು ಸಾವಿರ ಉಲ್ಕಾಶಿಲೆಗಳಿದ್ದರೂ, ಎಲ್ಲಿಂದ ಬಂದವೆಂದು ಕಕ್ಷೆಯ ಸಮೇತ ತಿಳಿದಿರುವವು ಕೆಲವೇ ಡಜನ್. 2002ರಲ್ಲಿ ಜರ್ಮನಿಯ ನೊಯ್‌ಶ್ವಾನ್‌ಸ್ಟೈನ್ ಬಳಿ ಬಿದ್ದ ಕಲ್ಲು ಹೆಚ್ಚುಕಡಿಮೆ ಪ್ರಿಬ್ರಾಮ್‌ನ ಕಕ್ಷೆಯಲ್ಲೇ ಬಂದಿತ್ತು, ಆದರೆ ಅದು ಸಂಪೂರ್ಣ ಬೇರೆ ಜಾತಿಯ ಕಲ್ಲಾಗಿತ್ತು. ದಾರಿ ಒಂದೇ ಆದ ಮಾತ್ರಕ್ಕೆ ಮೂಲವೂ ಒಂದೇ ಎನ್ನಲಾಗದು.

ಅಗ್ನಿಗೋಳಗಳಿಗಾಗಿ ಕಾದು ಕೂತ ಕ್ಯಾಮೆರಾ ಜಾಲಗಳಾದ ಅಮೆರಿಕದ ಪ್ರೇರಿ ಜಾಲ ಮತ್ತು ಕೆನಡಾದ ಜಾಲ ವರ್ಷಗಟ್ಟಲೆ ದುಡಿದು ಪಡೆದದ್ದು ತಲಾ ಒಂದೊಂದು ಉಲ್ಕಾಶಿಲೆ: 1970ರ ಜನವರಿ 3ರಂದು ಒಕ್ಲಹೋಮಾದ ಲಾಸ್ಟ್ ಸಿಟಿ ಬಳಿ ಬಿದ್ದದ್ದು ಹಾಗೂ 1977ರ ಫೆಬ್ರವರಿಯಲ್ಲಿ ಕೆನಡಾದಲ್ಲಿ ಬಿದ್ದ ಇನ್ನಿಸ್‌ಫ್ರೀ. ಲಾಸ್ಟ್ ಸಿಟಿಯ ಕಲ್ಲು ಹಿಮ ಮುಚ್ಚಿದ ರಸ್ತೆಯ ಮೇಲೆಯೇ ಬಿದ್ದಿತ್ತು. ಅಂಥ ಅದೃಷ್ಟ ಅಪರೂಪ; ಹುಲ್ಲು, ಕಾಡು, ಉತ್ತ ಹೊಲ, ಕೆರೆ ಇವೆಲ್ಲವೂ ಕಲ್ಲನ್ನು ನುಂಗಿಬಿಡುತ್ತವೆ. ಆಸ್ಟ್ರೇಲಿಯಾದ ಡೆಸರ್ಟ್ ಫೈರ್‌ಬಾಲ್ ನೆಟ್‌ವರ್ಕ್ ಮರುಭೂಮಿಯನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅಲ್ಲಿಯೂ 2015ರ ನವೆಂಬರಿನಲ್ಲಿ ಒಂದು ಕಲ್ಲು ಐರ್ ಎಂಬ ವಿಶಾಲ ಉಪ್ಪುಸರೋವರದ ಕೆಸರಿನೊಳಗೆ ಹೂತುಹೋಯಿತು. ವರ್ಷದ ಕೊನೆಯ ದಿನ, ಮಳೆ ಬಂದು ಗುರುತು ಅಳಿಸುವ ಮುನ್ನ, ಸಂಶೋಧಕರು ಸುಮಾರು 42 ಸೆಂಟಿಮೀಟರ್ ಆಳದವರೆಗೆ ಕೈಯಲ್ಲೇ ಕೆಸರು ಬಗೆದು 1.68 ಕಿಲೋದ ಆ ಕಲ್ಲನ್ನು ಎತ್ತಿದರು. ಇತ್ತೀಚೆಗೆ ಅಲ್ಲಿ ಡ್ರೋನ್ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಜರಡಿ ಹಿಡಿಯುವ ವಿಧಾನವೂ ಫಲ ಕೊಟ್ಟಿದೆ.

ಇಷ್ಟೊಂದು ಅವಸರ ವೃಥಾ ಅಲ್ಲ. 2021ರ ಫೆಬ್ರವರಿ 28ರ ರಾತ್ರಿ ಇಂಗ್ಲೆಂಡಿನ ವಿಂಚ್‌ಕೋಂಬ್‌ನಲ್ಲಿ ಒಂದು ಮನೆಯ ಮುಂದಿನ ಕಾರುದಾರಿಗೆ ಬಡಿದು ಪುಡಿಯಾದ ಇಂಗಾಲಯುಕ್ತ ಕಲ್ಲನ್ನು ಮನೆಯವರು ಬೆಳಗಾಗುತ್ತಲೇ ಚೀಲಕ್ಕೆ ತುಂಬಿಸಿಟ್ಟರು. ಆ ಜಾತಿಯ ಕಲ್ಲು ಮಳೆಗೆ ಸಿಕ್ಕರೆ ಬೇಗನೆ ಕೆಡುತ್ತದೆ. ಹಾಗೆ ಕೆಡದೆ ಉಳಿದದ್ದರಿಂದಲೇ, ಅದರೊಳಗಿನ ನೀರಿನ ಹೈಡ್ರೋಜನ್ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತ ಭೂಮಿಯ ಸಾಗರಗಳದ್ದಕ್ಕೆ ಹತ್ತಿರವಿದೆ ಎಂದು ವಿಶ್ವಾಸದಿಂದ ಹೇಳಲು ಸಾಧ್ಯವಾಯಿತು. ಸಿಕ್ಕ ಕಲ್ಲನ್ನು ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಬೇಕು. ಆಯಸ್ಕಾಂತವನ್ನಂತೂ ಹತ್ತಿರ ತರಲೇಬಾರದು. ಕೋಟ್ಯಂತರ ವರ್ಷಗಳಿಂದ ಕಲ್ಲಿನಲ್ಲಿ ಉಳಿದುಬಂದ ಕಾಂತೀಯ ದಾಖಲೆಯನ್ನು ಅದು ಒಂದೇ ಗಳಿಗೆಯಲ್ಲಿ ಅಳಿಸಿಹಾಕುತ್ತದೆ.

ಕಲ್ಲು ಬೀಳುವ ಮೊದಲೇ ಅದನ್ನು ದೂರದರ್ಶಕದಲ್ಲಿ ಕಂಡ ಪ್ರಸಂಗಗಳೂ ಈಗ ಇವೆ. 2024ರ ಜನವರಿ 21ರಂದು ಬರ್ಲಿನ್ ಹತ್ತಿರ ಉರಿದುಬಿದ್ದ 2024 ಬಿಎಕ್ಸ್1 ಎಂಬ ಪುಟ್ಟ ಕ್ಷುದ್ರಗ್ರಹ ಕೆಲವೇ ಗಂಟೆಗಳ ಮೊದಲು ಪತ್ತೆಯಾಗಿತ್ತು. ಬೀಳುವ ಪ್ರದೇಶ ಗೊತ್ತಿದ್ದರೂ ಹುಡುಕುವವರಿಗೆ ದಿನಗಟ್ಟಲೆ ಏನೂ ಸಿಗಲಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಉಲ್ಕಾಶಿಲೆಯ ವಾಡಿಕೆಯ ಕಪ್ಪು ಸಿಪ್ಪೆಯನ್ನೇ ಅರಸುತ್ತಿತ್ತು. ಬಿದ್ದದ್ದು ಆಬ್ರೈಟ್ ಎಂಬ ವಿರಳ ಜಾತಿಯ ಕಲ್ಲು, ದೂರದಿಂದ ಹೊಲದ ಸಾಮಾನ್ಯ ಬೂದುಗಲ್ಲಿನಂತೆಯೇ ಕಾಣುವಂಥದ್ದು. ಪೋಲೆಂಡಿನ ತಂಡವೊಂದಕ್ಕೆ ಮೊದಲ ತುಣುಕು ಸಿಕ್ಕಿ, ಅದರ ಗಾಜಿನಂಥ ಹೊರಪದರ ಹೇಗಿರುತ್ತದೆಂದು ತಿಳಿದ ಮೇಲೆ ಉಳಿದವರಿಗೂ ತುಣುಕುಗಳು ಸಿಗತೊಡಗಿದವು.