ಸೀಲಿಂಗ್ ಮುಚ್ಚುವ ಮುನ್ನ

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆ, ನ್ಯಾಯಾಲಯ, ಗ್ರಂಥಾಲಯದಂತಹ ಸಾರ್ವಜನಿಕ ಕಟ್ಟಡಗಳಲ್ಲಿ ಹವಾನಿಯಂತ್ರಣ, ನೀರಿನ ಕೊಳವೆಗಳು, ಲಿಫ್ಟು, ಬೆಂಕಿ ನಂದಿಸುವ ಪಂಪುಗಳು ಮೆಕ್ಯಾನಿಕಲ್ ಎಂಜಿನಿಯರರ ಪಾಲಿಗೆ ಬರುತ್ತವೆ. ಅಡಿಪಾಯವೂ ಗೋಡೆಯೂ ಮೊದಲು ಏಳಬೇಕಾದ್ದರಿಂದ ಈ ಪಾಲಿನ ಸರದಿ ತಡವಾಗಿಯೇ ಬರುತ್ತದೆ. ಮೊದಲು ಕೆಲಸ ಮಾಡಿದವರ ವಿಳಂಬವೆಲ್ಲ ಆಮೇಲೆ ಬರುವವರ ಸಮಯದಿಂದ ಕಳೆಯುತ್ತದೆ. ಉದ್ಘಾಟನೆಯ ದಿನಾಂಕ ಮಾತ್ರ ಕದಲುವುದಿಲ್ಲ. ಹೀಗೆ ಕೈತಪ್ಪುವುದು ಬಹುಮಟ್ಟಿಗೆ ಯಂತ್ರ, ಕೊಳವೆಗಳ ಪರೀಕ್ಷೆಗೆಂದು ಮೀಸಲಿಟ್ಟ ವಾರಗಳು. ಯೋಜನೆಯನ್ನು ನಡೆಸುವವರು ಬೇರೆಲ್ಲಿ ರಾಜಿಯಾದರೂ ಆ ವಾರಗಳನ್ನು ಬಿಟ್ಟುಕೊಡಬಾರದೆಂಬುದು ನನ್ನ ಅಭಿಪ್ರಾಯ.

ಹವಾನಿಯಂತ್ರಣಕ್ಕೆ ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್‌ನಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟ ನೀರು, ಕೋಣೆಗಳ ಬಿಸಿಯನ್ನು ಹೊತ್ತು 12 ಡಿಗ್ರಿಯ ಆಸುಪಾಸಿನಲ್ಲಿ ಮರಳಬೇಕೆಂಬುದು ವಿನ್ಯಾಸದಲ್ಲಿ ರೂಢಿಯಾಗಿ ಬಂದ ಲೆಕ್ಕ. ಆದರೆ ನೀರು ನಕ್ಷೆಯನ್ನು ಓದುವುದಿಲ್ಲ, ತಡೆ ಕಡಿಮೆಯಿದ್ದ ಕಡೆಗೇ ಹರಿಯುತ್ತದೆ. ಪಂಪಿನ ಹತ್ತಿರದ ಕವಲುಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಅಲ್ಲಿಯ ನೀರು ಬಿಸಿಯೇರದೆ ಹಿಂದಿರುಗುತ್ತದೆ, ತುದಿಯ ಕೋಣೆಗಳಲ್ಲಿ ಜನ ಸೆಕೆಯಿಂದ ಒದ್ದಾಡುತ್ತಾರೆ. ಯಂತ್ರದ ಸಾಮರ್ಥ್ಯ ಸಾಲದೆಂದೂ ಇನ್ನೊಂದು ಚಿಲ್ಲರ್ ಬೇಕೆಂದೂ ಆಗ ಕಡತದಲ್ಲಿ ಟಿಪ್ಪಣಿ ಏಳುತ್ತದೆ. ನಿಜಕ್ಕೂ ಬೇಕಾದದ್ದು, ಪ್ರತಿ ಕವಲಿನ ಹರಿವನ್ನು ಅಳೆದು, ಆ ಹರಿವನ್ನು ಹೊಂದಿಸುವ ಬ್ಯಾಲೆನ್ಸಿಂಗ್ ವಾಲ್ವ್‌ಗಳನ್ನು ಹದಕ್ಕೆ ತಿರುಗಿಸುವ ಕೆಲವು ದಿನಗಳ ತಾಳ್ಮೆಯ ಕೆಲಸ.

ಅಂತಹ ಒಂದು ವಾಲ್ವನ್ನು ಹುಡುಕಿಕೊಂಡು ನಾನೊಮ್ಮೆ ಏಣಿ ಹತ್ತಿದ್ದೆ. ನಕ್ಷೆಯಲ್ಲಿ ಇತ್ತು, ಗುತ್ತಿಗೆದಾರರ ಬಿಲ್ಲಿನಲ್ಲಿಯೂ ಇತ್ತು. ಅದರ ಕೆಳಗೆ ಗಾಳಿ ಸಾಗಿಸುವ ಡಕ್ಟ್ ಹಾದುಹೋಗಿ, ಅದಕ್ಕೂ ಕೆಳಗೆ ಫಾಲ್ಸ್ ಸೀಲಿಂಗ್ ಮುಚ್ಚಿ, ಕೈ ಹಾಕಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ಎಲ್ಲರ ನಕ್ಷೆಗಳನ್ನೂ ಒಂದರ ಮೇಲೊಂದಿಟ್ಟು ನೋಡುವ ಸಭೆಯೊಂದು ಮೊದಲೇ ನಡೆದಿದ್ದರೆ, ಹೊಸ ಸೀಲಿಂಗನ್ನು ಕೊಯ್ಯಬೇಕಾಗಿರಲಿಲ್ಲ. ಕೊಳವೆಗಳು ಬಳಕೆಯಲ್ಲಿ ತಾಳಬೇಕಾದ ನೀರಿನ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಅವನ್ನು ಪರೀಕ್ಷಿಸುವ ಕ್ರಮವೂ ಸೀಲಿಂಗ್ ಮುಚ್ಚುವ ಮೊದಲೇ ಮುಗಿದಿರಬೇಕು.

ಹಣದ ವಿಷಯದಲ್ಲಿ ಸಾರ್ವಜನಿಕ ಕಟ್ಟಡಗಳಿಗೆ ಒಂದು ವಿಚಿತ್ರ ತೊಡಕಿದೆ. ನಿರ್ಮಾಣದ ವೆಚ್ಚ ಒಂದು ಲೆಕ್ಕ ಶೀರ್ಷಿಕೆಯಲ್ಲಿ, ವಿದ್ಯುತ್ ಬಿಲ್ಲು ಇನ್ನೊಂದರಲ್ಲಿ ಬರುವುದರಿಂದ, ಅಂದಾಜು ಪಟ್ಟಿ ಇಳಿಸಬೇಕಾದಾಗ ಹವಾನಿಯಂತ್ರಣದ ಫ್ಯಾನಿನ ವೇಗ ನಿಯಂತ್ರಕವನ್ನು ಮೊದಲು ಕೈಬಿಡುತ್ತಾರೆ. ಫ್ಯಾನು ಬೇಡುವ ಶಕ್ತಿ ವೇಗದ ಘನದಂತೆ, ಅಂದರೆ ವೇಗ × ವೇಗ × ವೇಗದ ಲೆಕ್ಕದಲ್ಲಿ, ಏರಿಳಿಯುತ್ತದೆ. ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಶಕ್ತಿ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಬಿಟ್ಟ ಉಪಕರಣದ ಬೆಲೆಯನ್ನು ವಿದ್ಯುತ್ ಬಿಲ್ಲಿನ ರೂಪದಲ್ಲಿ ಅದೇ ಬೊಕ್ಕಸ ಮುಂದೆ ಹಲವು ವರ್ಷ ಕಟ್ಟುತ್ತಲೇ ಇರುತ್ತದೆ.

ಇನ್ನು ಹಸ್ತಾಂತರ. ಕೈಪಿಡಿಗಳ ಕಟ್ಟನ್ನು ಕಪಾಟಿಗೆ ಸೇರಿಸಿದರೆ ಅದು ಮುಗಿದಂತಲ್ಲ. ಮುಂದೆ ಆ ಯಂತ್ರಗಳನ್ನು ನಡೆಸಲಿರುವ ಆಪರೇಟರನ್ನು ಪರೀಕ್ಷೆಯ ಮೊದಲ ದಿನದಿಂದಲೇ ಜೊತೆಗಿರಿಸಿಕೊಂಡು, ಯಾವ ವಾಲ್ವ್ ಎಷ್ಟು ಸುತ್ತು ತೆರೆದಿದೆ ಎಂಬುದನ್ನು ಅವರ ಕೈಯಿಂದಲೇ ಬರೆಸಿಡಬೇಕು.

ನಮಸ್ಕಾರ.